ಇನ್ಸುಲಿನ್ ಕೋಶ ಉಳಿಸಿಕೊಳ್ಳಬೇಕೇ? ಹೊಟ್ಟೆಯಿಂದ ಶುರು ಮಾಡಿ

ಕೇರಳದ ದೊಡ್ಡವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇದೆ. 2023ರಲ್ಲಿ ಹೊರಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯ ಲೆಕ್ಕವಿದು. ಮಂಜೇಶ್ವರ, ಕುಂಬಳೆ, ಬದಿಯಡ್ಕದ ನಾವೂ ಅದರೊಳಗೇ ಬರುತ್ತೇವೆ ಅಲ್ವಾ? ಪಾಯಸ ಬಿಟ್ಟರೆ ಸಾಕು ಅಂದುಕೊಂಡವರೇ ನಮ್ಮಲ್ಲಿ ಜಾಸ್ತಿ. ಕಾಪಾಡಬೇಕಾದ್ದು ಬೇರೆಯೇ ಇದೆ. ಜಠರದ ಹಿಂದೆ ಅಡ್ಡಕ್ಕೆ ಮಲಗಿರುವ ಮೇದೋಜೀರಕ ಗ್ರಂಥಿಯಲ್ಲಿ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಿವೆ. ಅವು ಇರುವ ಪುಟ್ಟ ಗುಂಪುಗಳನ್ನೆಲ್ಲ ಸೇರಿಸಿದರೂ ಗ್ರಂಥಿಯ ಶೇ 1ರಿಂದ 2ರಷ್ಟೇ. ಟೈಪ್ 2, ಅಂದರೆ ಹೆಚ್ಚಿನವರಿಗೆ ಬರುವ ಬಗೆಯ ಸಕ್ಕರೆ ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಅವುಗಳ ಸಾಮರ್ಥ್ಯ ಸುಮಾರು ಅರ್ಧಕ್ಕೆ ಇಳಿದಿರುತ್ತದೆ ಎಂದು ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ಅಂದಾಜು ಮಾಡಿತ್ತು.

ಅವು ಸೋಲುವುದು ಹೇಗೆ? ಹೊಟ್ಟೆಯೊಳಗಿನ ಕೊಬ್ಬಿನ ಕೋಶಗಳು ಹಿಗ್ಗಿ ಹಿಗ್ಗಿ ತುಂಬಿದಾಗ ರೋಗನಿರೋಧಕ ಕೋಶಗಳು ಅಲ್ಲಿ ಸೇರುತ್ತವೆ. ಸಣ್ಣ ಮಟ್ಟದ ಉರಿಯೂತ ಶುರುವಾಗುತ್ತದೆ. ಜ್ವರವಿಲ್ಲ, ನೋವಿಲ್ಲ, ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಜಾಗ ಸಾಲದ ಕೊಬ್ಬು ಲಿವರಿಗೂ ಮೇದೋಜೀರಕಕ್ಕೂ ಹರಿಯುತ್ತದೆ. ಇದರಿಂದ ಲಿವರು, ಮಾಂಸಖಂಡ ಇನ್ಸುಲಿನ್ನಿನ ಮಾತು ಕೇಳುವುದನ್ನು ಕಡಿಮೆ ಮಾಡುತ್ತವೆ. ಆಗ ಬೀಟಾ ಕೋಶಗಳು ಇನ್ನಷ್ಟು ಇನ್ಸುಲಿನ್ ಮಾಡಬೇಕು. ನೂರು ಜನರ ಅಡುಗೆಗೆ ಬಂದ ಭಟ್ಟರಿಗೆ ದಿನಾ ಐನೂರು ಜನರಿಗೆ ಬಡಿಸಿ ಅಂದ ಹಾಗೆ. ಕೆಲವು ಕೋಶ ಸಾಯುತ್ತವೆ. ಇನ್ನು ಕೆಲವು ಸಾಯುವುದಿಲ್ಲ, ಇನ್ಸುಲಿನ್ ಮಾಡುವ ಕೆಲಸವನ್ನೇ ಬಿಟ್ಟು ಸುಮ್ನೆ ಕೂರುತ್ತವೆ. ಹಾಗೆ ಕೂತವನ್ನು ಮತ್ತೆ ಎಬ್ಬಿಸಬಹುದು, ಆದರೆ ಮೊದಲ ಕೆಲವು ವರ್ಷಗಳಲ್ಲೇ ಪ್ರಯತ್ನ ಶುರು ಮಾಡಿದರೆ.

ಮೊದಲು ಟೇಪು ತನ್ನಿ

ಟೈಲರ್ ಟೇಪು ಸಾಕು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ಮೇಲಂಚು, ಇವೆರಡರ ನಡುಮಧ್ಯೆ ಚರ್ಮದ ಮೇಲೆ ಸುತ್ತಿ. ಉಸಿರು ಬಿಟ್ಟ ಮೇಲೆ ಓದಿ, ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ. ಪ್ಯಾಂಟಿನ ಸೈಜು ನಂಬಬೇಡಿ, ಅದು ಯಾವತ್ತೋ ಹೊಟ್ಟೆಯ ಕೆಳಗೆ ಜಾರಿರುತ್ತದೆ! ಕೈಕಾಲು ಸಪೂರ, ಹೊಟ್ಟೆ ಮಾತ್ರ ಮುಂದೆ ಎನ್ನುವವರು ತೂಕ ಸರಿಯಿದೆ ಎಂದು ಕೂರಬಾರದು.

ಆಮೇಲೆ ಹತ್ತಿರದ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿ. ಖಾಲಿಹೊಟ್ಟೆಯಲ್ಲಿ 100ರಿಂದ 125 ಇದ್ದರೆ ಅದು ಕಾಯಿಲೆಯ ಹೊಸ್ತಿಲು. 126 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮತ್ತೊಮ್ಮೆ ನೋಡಿ ಖಚಿತ ಮಾಡಿಕೊಳ್ಳುತ್ತಾರೆ. ಎಚ್‌ಬಿಎ1ಸಿ ಪರೀಕ್ಷೆಯಲ್ಲಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವುದು) ಹೊಸ್ತಿಲು ಶೇ 5.7ರಿಂದ 6.4. ಚೀಟಿಯಲ್ಲಿ ಬರೆದದ್ದು ಅರ್ಥವಾಗದಿದ್ದರೆ ಆಶಾ ಕಾರ್ಯಕರ್ತೆಯ ಹತ್ತಿರ ಕನ್ನಡದಲ್ಲೇ ಕೇಳಿ, ನಾಚಿಕೆ ಬೇಡ.

ಬಟ್ಟಲು ಮತ್ತು ಸಂಜೆಯ ಚಹಾ

ಕುಚ್ಚಲಕ್ಕಿ ಒಳ್ಳೆಯದು ಎಂಬ ಧೈರ್ಯದಲ್ಲಿ ಮೂರು ಸಲ ಬಡಿಸಿಕೊಂಡರೆ ಪ್ರಯೋಜನವಿಲ್ಲ. ಮೊದಲು ಬಸಳೆ, ಹರಿವೆ, ತೊಂಡೆಕಾಯಿ ಪಲ್ಯ ತಿನ್ನಿ. ಜೊತೆಗೆ ಹುರುಳಿ ಅಥವಾ ಅಲಸಂಡೆಕಾಳು. ಮೀನು ತಿನ್ನುವವರು ಬೂತಾಯಿ, ಬಂಗುಡೆಯನ್ನು ಫ್ರೈ ಮಾಡುವ ಬದಲು ಸಾರು ಮಾಡಿ. ಅನ್ನ ಕೊನೆಗೆ. ಈ ಕ್ರಮದಲ್ಲಿ ಉಂಡರೆ ಊಟದ ನಂತರ ಸಕ್ಕರೆ ಅಷ್ಟು ಬೇಗ ಏರುವುದಿಲ್ಲ.

ನನ್ನ ಮಟ್ಟಿಗೆ ನಮ್ಮೂರಿನ ನಿಜವಾದ ಶತ್ರು ಮಧ್ಯಾಹ್ನದ ಅನ್ನವೂ ಅಲ್ಲ, ಸಂಜೆ ನಾಲ್ಕರ ಹೊತ್ತು. ಪಳಂಪೊರಿ, ಗೋಳಿಬಜೆ, ಬನ್ಸ್, ಎರಡು ಚಮಚ ಸಕ್ಕರೆಯ ಚಹಾ, ಅದರ ಮೇಲೆ ರಾತ್ರಿ ಪೊರೊಟ್ಟಾ. ಎಣ್ಣೆ, ಮೈದಾ, ಸಕ್ಕರೆ ಒಟ್ಟಿಗೇ ಬಂದರೆ ಹೊಟ್ಟೆಯ ಕೊಬ್ಬಿಗೆ ಹಬ್ಬ. ಎಲ್ಲವನ್ನೂ ಬಿಡಬೇಕಿಲ್ಲ. ವಾರಕ್ಕೆ ಒಂದು ದಿನ ಅಂತ ಇಟ್ಟುಕೊಳ್ಳಿ. ಬಾಕಿ ದಿನ ಒಂದು ಮುಷ್ಟಿ ಕಡಲೆ ಸಾಕು.

ತೂಕ ಎಷ್ಟು ಇಳಿಯಬೇಕು? ಬ್ರಿಟನ್ನಿನಲ್ಲಿ 2017ರಲ್ಲಿ ಪ್ರಕಟವಾದ ಡೈರೆಕ್ಟ್ ಅಧ್ಯಯನದಲ್ಲಿ ಎಲ್ಲರಿಗೂ ಕಾಯಿಲೆ ಬಂದು ಆರು ವರ್ಷದೊಳಗೆ. ಅವರಲ್ಲಿ 15 ಕಿಲೋ ಅಥವಾ ಜಾಸ್ತಿ ಇಳಿಸಿದವರ ಪೈಕಿ ಶೇ 86 ಮಂದಿಗೆ ಮಾತ್ರೆ ಇಲ್ಲದೆ ಸಕ್ಕರೆ ಹತೋಟಿಗೆ ಬಂತು. ಅಷ್ಟು ಇಳಿಸಲು ನಮ್ಮಲ್ಲಿ ಎಷ್ಟೋ ಮಂದಿಗೆ ಮೈಯೇ ಇಲ್ಲ, ನಿಜ. ಆದರೆ ಚೆನ್ನೈಯ ತಂಡವೊಂದು 2006ರಲ್ಲಿ ಇನ್ನೊಂದನ್ನು ತೋರಿಸಿತು. ಹೊಸ್ತಿಲಲ್ಲಿ ನಿಂತಿದ್ದ ಭಾರತೀಯರು ಊಟ, ನಡಿಗೆ ಸರಿಮಾಡಿಕೊಂಡಾಗ ತೂಕ ಹೆಚ್ಚೇನೂ ಇಳಿಯದಿದ್ದರೂ ಕಾಯಿಲೆಯ ಅಪಾಯ ಶೇ 28.5ರಷ್ಟು ಕಡಿಮೆಯಾಯಿತು.

ಉಂಡ ಮೇಲೆ ನಡೆಯಿರಿ

ಹತ್ತು ಹದಿನೈದು ನಿಮಿಷ ಸಾಕು. ಕೆಲಸ ಮಾಡುತ್ತಿರುವ ಮಾಂಸಖಂಡ ಇನ್ಸುಲಿನ್ನಿಗೆ ಕಾಯದೆಯೂ ಸಕ್ಕರೆ ಎಳೆದುಕೊಳ್ಳುತ್ತದೆ. ಆಟಿ ತಿಂಗಳ ಮಳೆಗೆ ಹೊರಗೆ ಹೋಗಲಾಗದಿದ್ದರೆ ಜಗಲಿಯಲ್ಲೇ ಆ ಕಡೆ ಈ ಕಡೆ ನಡೆಯಿರಿ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದೂ ವ್ಯಾಯಾಮವೇ. ಬೀಡಿ ಸಿಗರೇಟು ಬಿಡಿ, ಹೊಗೆಸೊಪ್ಪು ಹಾಕಿದ ಎಲೆಅಡಿಕೆಯನ್ನೂ ಬಿಡಿ. ಏಳು ಗಂಟೆ ನಿದ್ದೆ ಬೇಕು. ಒಸಡಿನಲ್ಲಿ ರಕ್ತ ಬರುತ್ತಿದ್ದರೆ ಹಲ್ಲಿನ ಡಾಕ್ಟರರಿಗೆ ತೋರಿಸಿ, ಅದೂ ಉರಿಯೂತವೇ.

ಔಷಧದ ವಿಷಯ

ಉರಿಯೂತದ ಒಂದು ಸಂಕೇತವನ್ನು ತಡೆಯುವ ಅನಾಕಿನ್ರಾ ಎಂಬ ಮದ್ದನ್ನು ಕೊಟ್ಟಾಗ ಬೀಟಾ ಕೋಶಗಳ ಕೆಲಸ ಸುಧಾರಿಸಿದ್ದು 2007ರಲ್ಲೇ ವರದಿಯಾಗಿದೆ. ಆದರೂ ಅದು ಸಕ್ಕರೆ ಕಾಯಿಲೆಯ ಮಾಮೂಲು ಚಿಕಿತ್ಸೆಯಾಗಿಲ್ಲ. ಬೀಟಾ ಕೋಶ ಮತ್ತೆ ಹುಟ್ಟಿಸುತ್ತೇವೆ ಎಂದು ವಾಟ್ಸಾಪಿನಲ್ಲಿ ಬರುವ ಕಷಾಯಗಳನ್ನಂತೂ ನಂಬಲೇಬೇಡಿ. ಈಗಾಗಲೇ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲೇ ಡಾಕ್ಟರರಿಗೆ ಹೇಳಿ. ಡೋಸು ಹಾಗೇ ಉಳಿದರೆ ಸಕ್ಕರೆ ಏಕಾಏಕಿ ಕುಸಿಯಬಹುದು. ಬೆವರು, ನಡುಕ, ತಲೆಸುತ್ತು ಬಂದರೆ ತಕ್ಷಣ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಯಿರಿ. ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ ಕುಡಿದು ಆಸ್ಪತ್ರೆಗೆ ಹೊರಡಿ.