ಆರು ಪ್ರಿಂಟರ್ ಬೇಡ, ಎರಡು ಸಾಕು: ಕಚೇರಿಯ ಪ್ರಿಂಟ್ ಖರ್ಚು ಇಳಿಸುವುದು ಹೀಗೆ

ಹೋದ ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ಒಂದು ಸಣ್ಣ ಕಚೇರಿಗೆ ಹೋಗಿದ್ದೆ. ಎಂಟು ಜನ ಕೆಲಸ ಮಾಡುವ ಜಾಗ, ಆರು ಪ್ರಿಂಟರ್. ಎರಡು ಕೆಟ್ಟು ಕೂತಿದ್ದವು. ಒಂದರಲ್ಲಿ ಅಚ್ಚಿನ ಪುಡಿ (ಟೋನರ್) ಖಾಲಿ. ಇನ್ನೊಂದು ಬೆಳಗಿನಿಂದ ‘ಆಫ್‌ಲೈನ್’ ಎಂದು ತೋರಿಸುತ್ತಿತ್ತು. “ಪ್ರಿಂಟೇ ಬರ್ತಿಲ್ಲ ಮಾರಾಯ್ರೆ, ಇನ್ನೊಂದು ಹೊಸದು ತಗೊಳ್ಳೋಣ ಅಂತಿದ್ದೇವೆ” ಎಂದರು ಅಲ್ಲಿಯ ಮ್ಯಾನೇಜರ್. ಹೊಸದು ಬೇಡ ಸಾರ್, ಇರುವುದರಲ್ಲೇ ನಾಲ್ಕನ್ನು ತೆಗೆಯೋಣ ಎಂದೆ. ಅವರಿಗೆ ಆಶ್ಚರ್ಯವಾಯಿತು.

ನಾನು ಚಿಕ್ಕಮಗಳೂರಿನಲ್ಲಿ ಕಾಫಿ ತೋಟಗಳ ಲೆಕ್ಕಪತ್ರ ನೋಡುವ ಕಚೇರಿಯೊಂದರ ಆಡಳಿತ ನೋಡಿಕೊಳ್ಳುತ್ತೇನೆ. ಬಟವಾಡೆ ಪಟ್ಟಿ, ಪಿಎಫ್, ಜಿಎಸ್‌ಟಿ, ಬ್ಯಾಂಕಿನ ಸಾಲದ ಕಾಗದ, ಪಹಣಿ ಪ್ರತಿ ಎಂದು ದಿನವಿಡೀ ಹಾಳೆ ಓಡುತ್ತಲೇ ಇರುತ್ತದೆ. ಪ್ರಿಂಟ್ ಖರ್ಚು ಇಳಿಸಬೇಕು ಅಂದಾಗ ಎಲ್ಲರೂ ಮೊದಲು ಅಗ್ಗದ ಹಾಳೆ, ಅಗ್ಗದ ಪುಡಿ ಹುಡುಕುತ್ತಾರೆ. ಅಲ್ಲಿಂದಲೇ ತಪ್ಪು ಶುರು. ದುಡ್ಡು ಸೋರುವುದು ಬೇರೆ ಕಡೆ.

ಹಂತ 1: ಎರಡು ವಾರ ಪುಟ ಎಣಿಸಿ

ಯಾವುದನ್ನೂ ಬದಲಾಯಿಸುವ ಮೊದಲು ಎಣಿಸಿ. ಹೆಚ್ಚಿನ ಪ್ರಿಂಟರ್‌ಗಳು ತಾವು ಇದುವರೆಗೆ ಎಷ್ಟು ಪುಟ ಮುದ್ರಿಸಿದ್ದೇವೆ ಎಂಬ ಲೆಕ್ಕವನ್ನು ಒಳಗೇ ಇಟ್ಟುಕೊಂಡಿರುತ್ತವೆ. ಮೆನುವಿನಲ್ಲಿ ರಿಪೋರ್ಟ್ ಅಥವಾ ಸ್ಟೇಟಸ್ ಪೇಜ್ ಎಂದಿರುತ್ತದೆ, ಅದನ್ನು ಮುದ್ರಿಸಿದರೆ ಸಿಗುತ್ತದೆ. ಸೋಮವಾರ ಬೆಳಿಗ್ಗೆ ಒಂದು ಸಲ, ಎರಡು ವಾರ ಕಳೆದು ಮತ್ತೆ ಸೋಮವಾರ ಒಂದು ಸಲ ಬರೆದುಕೊಳ್ಳಿ. ಅಷ್ಟೇ.

ಹಂತ 2: ಒಂದು ಪುಟಕ್ಕೆ ಎಷ್ಟು ಪೈಸೆ?

ಪ್ರಿಂಟರ್ ಕೊಳ್ಳುವಾಗ ಜನ ಪ್ರಿಂಟರ್ ಬೆಲೆ ನೋಡುತ್ತಾರೆ. ನೋಡಬೇಕಾದ್ದು ಕಾರ್ಟ್ರಿಜ್ (ಪುಡಿ ಅಥವಾ ಶಾಯಿ ತುಂಬಿದ, ಬದಲಿಸುವ ಭಾಗ) ಬೆಲೆ ಮತ್ತು ಅದರ ಡಬ್ಬದ ಮೇಲಿರುವ ಪುಟದ ಸಂಖ್ಯೆ. ಬೆಲೆಯನ್ನು ಪುಟದ ಸಂಖ್ಯೆಯಿಂದ ಭಾಗಿಸಿ.

1,500 ಪುಟದ ಕಾರ್ಟ್ರಿಜ್‌ಗೆ 4,500 ರೂಪಾಯಿ ಎಂದಿಟ್ಟುಕೊಳ್ಳಿ. ಪುಟಕ್ಕೆ 3 ರೂಪಾಯಿ ಆಯಿತು. 500 ಹಾಳೆಯ ರೀಮ್‌ಗೆ 300 ರೂಪಾಯಿ ಆದರೆ ಹಾಳೆಗೆ 60 ಪೈಸೆ. ಅಲ್ಲಿಗೆ 3 ರೂಪಾಯಿ 60 ಪೈಸೆ. ಬಾಟಲಿಯಿಂದ ಶಾಯಿ ತುಂಬಿಸುವ ಇಂಕ್ ಟ್ಯಾಂಕ್ ಮಾದರಿಯಲ್ಲಿ ಒಂದು ಕಪ್ಪು ಬಾಟಲಿಗೆ 4,500 ಪುಟ ಎಂದು ಬರೆದಿರುವುದುಂಟು. ಬಾಟಲಿಗೆ 500 ರೂಪಾಯಿ ಹಿಡಿದರೂ ಪುಟಕ್ಕೆ 11 ಪೈಸೆ ಚಿಲ್ಲರೆ. ಅಲ್ಲಿ ಶಾಯಿಗಿಂತ ಹಾಳೆಯೇ ದುಬಾರಿ! ಅಗ್ಗಕ್ಕೆ ಸಿಕ್ಕಿತೆಂದು ತಂದ ಸಣ್ಣ ಲೇಸರ್ ಪ್ರಿಂಟರ್ ವರ್ಷದೊಳಗೆ ತನ್ನ ಬೆಲೆಗಿಂತ ಜಾಸ್ತಿ ಕಾರ್ಟ್ರಿಜ್ ತಿನ್ನುವುದು ಹೀಗೆ.

ಎರಡು ಮಾತು ನೆನಪಿಡಿ. ಡಬ್ಬದ ಮೇಲಿನ ಸಂಖ್ಯೆ ಪುಟದ ಸುಮಾರು ಶೇಕಡಾ 5ರಷ್ಟು ಜಾಗದಲ್ಲಿ ಮಾತ್ರ ಅಚ್ಚಾದಾಗ ಸಿಗುವ ಲೆಕ್ಕ. ದಪ್ಪ ಅಕ್ಷರ, ಕಪ್ಪು ಪಟ್ಟಿಯ ಕೋಷ್ಟಕ, ದೊಡ್ಡ ಲೋಗೋ ಇದ್ದರೆ ಅಷ್ಟು ಬರುವುದಿಲ್ಲ. ಇನ್ನು ಹೊಸ ಲೇಸರ್ ಪ್ರಿಂಟರ್ ಜೊತೆ ಬರುವ ಮೊದಲ ಕಾರ್ಟ್ರಿಜ್ ಬಹಳ ಸಲ ಪೂರ್ತಿ ತುಂಬಿರುವುದಿಲ್ಲ. “ಎರಡೇ ತಿಂಗಳಿಗೆ ಮುಗೀತು, ಮಷೀನೇ ಸರಿ ಇಲ್ಲ” ಎಂದು ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲುವ ಮೊದಲು ಡಬ್ಬ ಓದಿ.

ಯಾವುದು ತರಬೇಕು? ನನ್ನ ಸಲಹೆ ಖಚಿತ. ದಿನಾ ಕಪ್ಪು ಬಿಳುಪು ಕಾಗದ ಜಾಸ್ತಿ ಇರುವ ಕಚೇರಿಗೆ ತಾನೇ ಎರಡೂ ಬದಿ ಮುದ್ರಿಸುವ, ನೆಟ್‌ವರ್ಕ್ ಕೇಬಲ್ ಚುಚ್ಚಲು ಜಾಗವಿರುವ, ದೊಡ್ಡ ಕಾರ್ಟ್ರಿಜ್ ಹಿಡಿಸುವ ಒಂದು ಲೇಸರ್. ಬಣ್ಣಕ್ಕೆ ಒಂದು ಇಂಕ್ ಟ್ಯಾಂಕ್. ಎಂಟು ಹತ್ತು ಜನರಿಗೆ ಈ ಎರಡು ಸಾಕು. ಇಂಕ್ ಟ್ಯಾಂಕಿನಲ್ಲಿ ವಾರಕ್ಕೊಂದಾದರೂ ಬಣ್ಣದ ಪುಟ ತೆಗೆಯಿರಿ. ಸುಮ್ನೆ ಬಿಟ್ಟರೆ ಶಾಯಿ ಚಿಮ್ಮಿಸುವ ಹೆಡ್ ಒಣಗುತ್ತದೆ. ಅದನ್ನು ತೊಳೆಯಲು ಕ್ಲೀನಿಂಗ್ ಒತ್ತಿದಷ್ಟೂ ಶಾಯಿ ಹೋಗುತ್ತದೆ.

ಹಂತ 3: ಎಲ್ಲರನ್ನೂ ಒಂದೇ ಪ್ರಿಂಟರ್‌ಗೆ ಸೇರಿಸುವುದು

ಎಲ್ಲರೂ ಎಡವುವುದು ಇಲ್ಲೇ. ಒಂದೊಂದು ಮೇಜಿಗೂ ಒಂದೊಂದು ಪ್ರಿಂಟರ್ ಬಂದು ಕೂರುವುದಕ್ಕೂ ಇದೇ ಕಾರಣ. ನಿಧಾನವಾಗಿ ಓದಿ.

ಮಾಮೂಲಿಯಾಗಿ ಏನಾಗುತ್ತದೆ? ಪ್ರಿಂಟರನ್ನು ಒಬ್ಬರ ಕಂಪ್ಯೂಟರಿಗೆ ಯುಎಸ್‌ಬಿ ಕೇಬಲ್‌ನಲ್ಲಿ ಸೇರಿಸಿ, ಅಲ್ಲಿಂದ ಉಳಿದವರಿಗೆ ಶೇರ್ ಮಾಡುತ್ತಾರೆ. ಅವರು ರಜೆ ಹಾಕಿದ ದಿನ ಯಾರಿಗೂ ಪ್ರಿಂಟ್ ಇಲ್ಲ. ಇದು ಬೇಡ ಎಂದು ವೈಫೈಗೆ ಸೇರಿಸುತ್ತಾರೆ. ಎರಡು ವಾರ ಚೆನ್ನಾಗಿರುತ್ತದೆ. ಒಂದು ದಿನ ಗಾಳಿ ಮಳೆಗೆ ಕರೆಂಟ್ ಹೋಗಿ ಬರುತ್ತದೆ. ವೈಫೈ ಹಂಚುವ ರೂಟರ್ ಮತ್ತೆ ಶುರುವಾದಾಗ ಪ್ರಿಂಟರ್‌ಗೆ ಬೇರೆ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದರ ಗುರುತಿನ ಸಂಖ್ಯೆ) ಕೊಟ್ಟುಬಿಡುತ್ತದೆ. ಕಂಪ್ಯೂಟರ್‌ಗಳು ಹಳೆಯ ವಿಳಾಸಕ್ಕೇ ಕಾಗದ ಕಳಿಸುತ್ತಾ ‘ಆಫ್‌ಲೈನ್’ ಎನ್ನುತ್ತವೆ. ಆಗ ಒಬ್ಬರು ಪ್ರಿಂಟ್ ಬಟನ್ ಹತ್ತು ಸಲ ಒತ್ತುತ್ತಾರೆ. ಇನ್ನೊಬ್ಬರು ಪ್ರಿಂಟರನ್ನು ಮತ್ತೆ ಹೊಸದಾಗಿ ಸೇರಿಸುತ್ತಾರೆ. ಪಟ್ಟಿಯಲ್ಲಿ ಅದೇ ಹೆಸರಿನ ಪಕ್ಕ ‘ಕಾಪಿ 1’, ‘ಕಾಪಿ 2’ ಎಂದು ಬೆಳೆಯುತ್ತದೆ. ಸಂಜೆ ಯಾರೋ ಎಲ್ಲ ಸರಿ ಮಾಡಿದ ಕೂಡಲೇ ಕ್ಯೂನಲ್ಲಿ ನಿಂತಿದ್ದ ಹತ್ತು ಪ್ರತಿಯೂ ಹೊರಗೆ ಬರುತ್ತವೆ. ನಲವತ್ತು ಪುಟದ ವರದಿ ಹತ್ತು ಪ್ರತಿ ಬಂದರೆ ಏನು ಕತೆ? ಒಂದು ರೀಮ್‌ನಲ್ಲಿ 400 ಹಾಳೆ ಹೋಯಿತು.

ಇದಕ್ಕೆ ಪರಿಹಾರ ಪ್ರಿಂಟರ್‌ಗೆ ಕಾಯಂ ವಿಳಾಸ ಕೊಡುವುದು. ಅರ್ಧ ಗಂಟೆಯ ಕೆಲಸ.

ಮೊದಲು ಪ್ರಿಂಟರನ್ನು ಕೇಬಲ್‌ನಲ್ಲೇ ರೂಟರ್‌ಗೆ ಸೇರಿಸಿ. ವೈಫೈಗಿಂತ ಕೇಬಲ್ ಮೇಲು. ಮಲೆನಾಡಿನ ಹಳೆ ಕಟ್ಟಡಗಳ ದಪ್ಪ ಗೋಡೆ ದಾಟಿ ವೈಫೈ ಸರಿಯಾಗಿ ಬರುವುದಿಲ್ಲ. ಆಮೇಲೆ ಪ್ರಿಂಟರ್ ಮೆನುವಿನಿಂದ ನೆಟ್‌ವರ್ಕ್ ರಿಪೋರ್ಟ್ ಮುದ್ರಿಸಿ. ಅದರಲ್ಲಿ ಮ್ಯಾಕ್ ಅಡ್ರೆಸ್ ಎಂದು ಹನ್ನೆರಡು ಅಕ್ಷರ, ಅಂಕಿಗಳ ಗುರುತು ಇರುತ್ತದೆ. ರೂಟರ್‌ನ ಸೆಟ್ಟಿಂಗ್ ಪುಟ ತೆರೆದು, ಡಿಎಚ್‌ಸಿಪಿ (ವಿಳಾಸ ಹಂಚುವ ವ್ಯವಸ್ಥೆ) ಭಾಗದಲ್ಲಿ ಅಡ್ರೆಸ್ ರಿಸರ್ವೇಷನ್ ಹುಡುಕಿ. ಈ ಮ್ಯಾಕ್ ಅಡ್ರೆಸ್‌ಗೆ ಯಾವಾಗಲೂ ಇದೇ ಐಪಿ ವಿಳಾಸ ಕೊಡು ಎಂದು ಅಲ್ಲಿ ಬರೆಯಬೇಕು. ನಿಮ್ಮ ರೂಟರ್ 192.168.1 ಎಂದು ಶುರುವಾಗುವ ವಿಳಾಸ ಹಂಚುವುದಾದರೆ 192.168.1.50 ಕೊಡಬಹುದು. ಬೇರೆ ಯಾರೂ ಆ ವಿಳಾಸ ಬಳಸುತ್ತಿರಬಾರದು, ಅಷ್ಟು ನೋಡಿಕೊಳ್ಳಿ. ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ. ರಿಪೋರ್ಟ್ ಮತ್ತೆ ತೆಗೆದು ಅದೇ ವಿಳಾಸ ಬಂದಿದೆಯಾ ನೋಡಿ.

ಈಗ ಪ್ರತಿ ಕಂಪ್ಯೂಟರಿನಲ್ಲೂ ಹಳೆಯ ಹೆಸರುಗಳನ್ನೆಲ್ಲ ಅಳಿಸಿ. ‘ಕಾಪಿ 1’ ಕೂಡ ಉಳಿಯಬಾರದು. ಆಮೇಲೆ ಹೊಸದಾಗಿ ಸೇರಿಸಿ. ಕಂಪ್ಯೂಟರ್ ತಾನಾಗಿ ಹುಡುಕಿ ತೋರಿಸುವ ಹೆಸರನ್ನು ಒತ್ತಬೇಡಿ. ಕೈಯಿಂದ ಸೇರಿಸುವ ಆಯ್ಕೆಗೆ ಹೋಗಿ, ಟಿಸಿಪಿ/ಐಪಿ ಎಂಬುದನ್ನು ಆರಿಸಿ, ಆ ವಿಳಾಸ ಟೈಪ್ ಮಾಡಿ. ತಾನಾಗಿ ಸಿಕ್ಕಿದ್ದನ್ನು ಒತ್ತಿದರೆ ಬಹಳ ಸಲ ಬೇರೆ ಬಗೆಯ ಪೋರ್ಟ್‌ನಲ್ಲಿ ಸೇರಿಕೊಳ್ಳುತ್ತದೆ, ಮತ್ತೆ ಅದೇ ಆಫ್‌ಲೈನ್ ಗೋಳು. ಇದನ್ನು ಎಷ್ಟು ಸಲ ಹೇಳಿದರೂ ಜನ ಸುಲಭದ ದಾರಿಯನ್ನೇ ಹಿಡಿಯುತ್ತಾರೆ. ದಯವಿಟ್ಟು ಹಿಡಿಯಬೇಡಿ.

ಹಂತ 4: ಎರಡು ಬದಿ, ಕಪ್ಪು ಬಿಳುಪು

ವಿಂಡೋಸ್ ಕಂಪ್ಯೂಟರಿನಲ್ಲಿ ಪ್ರಿಂಟರ್ ಪ್ರಾಪರ್ಟೀಸ್ ತೆರೆದು ಅಡ್ವಾನ್ಸ್ಡ್ ಎಂಬಲ್ಲಿ ‘ಪ್ರಿಂಟಿಂಗ್ ಡಿಫಾಲ್ಟ್ಸ್’ ಒತ್ತಿ. ಅಲ್ಲಿ ಎರಡು ಬದಿ ಎಂದು ಆರಿಸಿ. ಬಣ್ಣದ ಪ್ರಿಂಟರ್‌ನಲ್ಲಿ ಕಪ್ಪು ಬಿಳುಪು ಎಂದು ಆರಿಸಿ. ‘ಪ್ರಿಂಟಿಂಗ್ ಪ್ರಿಫರೆನ್ಸಸ್’ ಎಂಬಲ್ಲಿ ಮಾತ್ರ ಬದಲಿಸಿದರೆ ಅದು ಆ ಒಬ್ಬ ಬಳಕೆದಾರರಿಗಷ್ಟೇ. ಎರಡು ಬದಿಯ ಆಯ್ಕೆಯೇ ಕಾಣದಿದ್ದರೆ ಡಿವೈಸ್ ಸೆಟ್ಟಿಂಗ್ಸ್‌ನಲ್ಲಿ ಡ್ಯುಪ್ಲೆಕ್ಸ್ ಇನ್‌ಸ್ಟಾಲ್ಡ್ ಎಂದಿದೆಯಾ ನೋಡಿ. ಎಕ್ಸೆಲ್‌ನ ಹಳೆ ಫೈಲ್‌ಗಳು ತಮ್ಮದೇ ಪ್ರಿಂಟ್ ಸೆಟ್ಟಿಂಗ್ ಹಿಡಿದುಕೊಂಡಿರುತ್ತವೆ. ಅವನ್ನು ಒಂದೊಂದಾಗಿ ಸರಿ ಮಾಡಿ ಉಳಿಸಿಕೊಳ್ಳಬೇಕು.

ಟೋನರ್ ಸೇವ್ ಆಯ್ಕೆಯನ್ನು ಎಲ್ಲರಿಗೂ ಹಾಕಿಡುವುದು ನನಗೆ ಒಪ್ಪಿಗೆಯಿಲ್ಲ. ಮಸುಕಾಗಿ ಬಂದ ಕಾಗದವನ್ನು ಬ್ಯಾಂಕಿನವರು ವಾಪಸ್ ಕೊಟ್ಟರೆ ಮತ್ತೆ ಪ್ರಿಂಟ್ ತೆಗೆಯಬೇಕು. ಉಳಿಸಿದ್ದಕ್ಕಿಂತ ಕಳೆದದ್ದೇ ಜಾಸ್ತಿ. ಕರಡು ಪ್ರತಿಗೆ ಮಾತ್ರ ಬಳಸಿ.

ಕೈಯಿಂದ ತಿರುವಿ ಹಾಕುವ ಹಳೆ ಪ್ರಿಂಟರ್ ಇದ್ದರೆ ಒಂದು ಹಾಳೆಯ ಮೂಲೆಗೆ ಪೆನ್ಸಿಲ್‌ನಲ್ಲಿ ಬಾಣ ಬರೆದು ಟ್ರೇಗೆ ಹಾಕಿ ಪರೀಕ್ಷೆ ಮಾಡಿ. ಯಾವ ಬದಿ ಮೇಲೆ, ಯಾವ ಅಂಚು ಒಳಗೆ ಎಂದು ಗೊತ್ತಾದ ಮೇಲೆ ಅದರ ಚಿತ್ರ ಬರೆದು ಟ್ರೇಗೇ ಅಂಟಿಸಿ.

ಕನ್ನಡದ ಕಾಗದಕ್ಕೆ ಒಂದು ಮಾತು

ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿದ ಪತ್ರವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಪ್ರಿಂಟ್ ಕೊಟ್ಟರೆ, ಆ ಫಾಂಟ್ ಅಲ್ಲಿಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಫಾಂಟ್ ಇದ್ದರೂ ಬೇರೆ ಆವೃತ್ತಿಯಾದರೆ ಸಾಲು ಜಾರಿ, ಸಹಿಯ ಜಾಗ ಮಾತ್ರ ಎರಡನೇ ಪುಟಕ್ಕೆ ಹೋಗುತ್ತದೆ. ಟೈಪ್ ಮಾಡಿದ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ, ಕಣ್ಣಲ್ಲಿ ನೋಡಿ, ಆಮೇಲೆ ಪ್ರಿಂಟ್ ಕೊಡಿ. ಹೊಸ ಪತ್ರಗಳನ್ನು ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರುವ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲೇ ಟೈಪ್ ಮಾಡುವ ಅಭ್ಯಾಸ ಮಾಡಿಕೊಳ್ಳಿ.

ಹಂತ 5: ಪ್ರಿಂಟ್ ಬೇಡದ್ದನ್ನು ಬಿಡಿ

ಪ್ರತಿ ತಿಂಗಳ ಜಿಎಸ್‌ಟಿ ರಿಟರ್ನ್ ಪ್ರಿಂಟ್ ತೆಗೆದು ಫೈಲ್ ಮಾಡುವ ಕಚೇರಿಗಳು ಈಗಲೂ ಇವೆ. ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು ಎನ್ನುವುದು ನಿಜ. ಆದರೆ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಲು ಅವಕಾಶ ಇದೆ. ಎರಡು ಜಾಗದಲ್ಲಿ ಪ್ರತಿ ಇಡಿ, ಒಂದು ಕಚೇರಿಯ ಹೊರಗಿರಲಿ. ಡಿಜಿಟಲ್ ಸಹಿ ಇರುವ ಪಿಡಿಎಫ್ ಅನ್ನಂತೂ ಫೈಲ್ ರೂಪದಲ್ಲೇ ಉಳಿಸಿ. ಆ ಸಹಿ ಸರಿ ಇದೆಯಾ ಎಂದು ಪರೀಕ್ಷಿಸಲು ಆಗುವುದು ಫೈಲ್‌ನಲ್ಲಿ ಮಾತ್ರ, ಹಾಳೆಯ ಮೇಲೆ ಅದು ಬರೀ ಚಿತ್ರ.

ಹಂತ 6: ಮಳೆಗಾಲದ ಹಾಳೆ

ಬಯಲುಸೀಮೆಯವರಿಗೆ ಇದು ಅಷ್ಟಾಗಿ ಬೇಕಾಗಲಿಕ್ಕಿಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರು ಬಿಡದೆ ಓದಿ. ಹಾಳೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವದ ಹಾಳೆ ಸುರುಳಿ ಸುತ್ತುತ್ತದೆ, ಎರಡೆರಡಾಗಿ ಒಳಗೆ ಹೋಗುತ್ತದೆ, ಪುಡಿ ಸರಿಯಾಗಿ ಅಂಟದೆ ಅಕ್ಷರ ಅಲ್ಲಲ್ಲಿ ಮಸುಕಾಗುತ್ತದೆ. ಆಗ ಎಲ್ಲರೂ ಕಾರ್ಟ್ರಿಜ್ ಹಾಳಾಯಿತು ಎಂದುಕೊಂಡು ಹೊಸದು ಹಾಕುತ್ತಾರೆ. ಮೊದಲು ಹೊಸ ರೀಮ್ ಒಡೆದು ಹತ್ತು ಹಾಳೆ ಹಾಕಿ ನೋಡಿ.

ರೀಮ್‌ನ ಹೊದಿಕೆ ತೇವ ತಡೆಯುವಂಥದ್ದು. ಬೇಕಾಗುವವರೆಗೆ ಒಡೆಯಬೇಡಿ. ನೆಲದ ಮೇಲೆ ಇಡಬೇಡಿ, ಹೊರಗೋಡೆಗೆ ತಾಗಿಸಬೇಡಿ, ಮರದ ಹಲಗೆಯ ಮೇಲಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಟ್ರೇಗೆ ಆ ದಿನಕ್ಕೆ ಬೇಕಾದಷ್ಟೇ ಹಾಳೆ ಹಾಕುತ್ತೇವೆ. ಶನಿವಾರ ಸಂಜೆ ಉಳಿದದ್ದನ್ನು ತೆಗೆದು ಗಾಳಿ ಹೋಗದ ಪ್ಲಾಸ್ಟಿಕ್ ಕವರ್‌ಗೆ ಹಾಕಿಡುತ್ತೇವೆ. ತೇವವಾದ ಹಾಳೆಯನ್ನು ಬಿಸಿಲಿಗೆ ಇಡಬೇಡಿ, ಇನ್ನೂ ಸುರುಳಿಯಾಗುತ್ತದೆ. ಅದನ್ನು ಕೈಬರಹದ ಕರಡಿಗೆ ಬಳಸಿ.

ಹಾಳೆ 75 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ) ಇರಲಿ. ಅದಕ್ಕಿಂತ ತೆಳುವಾದದ್ದು ಎರಡೂ ಬದಿಗೆ ಆಗುವುದಿಲ್ಲ, ಹಿಂದಿನ ಅಕ್ಷರ ಮುಂದೆ ಕಾಣುತ್ತದೆ. ಹೆಸರಿಲ್ಲದ ಕವರ್‌ನಲ್ಲಿ ಬರುವ ಅಗ್ಗದ ಪುಡಿಯನ್ನು ತುಂಬಿಸಬೇಡಿ. ನಮ್ಮಲ್ಲಿ ಒಮ್ಮೆ ತುಂಬಿಸಿದ್ದೆವು. ಪುಡಿ ಸೋರಿ, ಪ್ರತಿ ಪುಟದ ಅಂಚಿಗೆ ಕಪ್ಪು ಗೆರೆ ಬಂದು, ಕೊನೆಗೆ ಪುಡಿಯನ್ನು ಹಾಳೆಗೆ ದಾಟಿಸುವ ಡ್ರಮ್ಮನ್ನೇ ಬದಲಿಸಬೇಕಾಯಿತು. ರೀಫಿಲ್ ಮಾಡಿಸಲೇಬೇಕು ಅಂದರೆ ನಿಮ್ಮ ಮಾದರಿಗೇ ಹೊಂದುವ ಪುಡಿ, ಒಳಗಿನ ಹಳೆ ಪುಡಿಯ ಖಾನೆ ಖಾಲಿ ಮಾಡಿಕೊಡುವವರು, ಕಣ್ಣೆದುರಲ್ಲೇ ಕೆಲಸ, ಈ ಮೂರೂ ಇರಲಿ.

ಹಂತ 7: ಕರೆಂಟ್

ಲೇಸರ್ ಪ್ರಿಂಟರನ್ನು ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಸೇರಿಸಬೇಡಿ. ಪುಡಿಯನ್ನು ಕರಗಿಸಿ ಹಾಳೆಗೆ ಅಂಟಿಸುವ ಹೀಟರ್ ಒಮ್ಮೆಲೇ ತುಂಬಾ ಕರೆಂಟ್ ಎಳೆಯುತ್ತದೆ. ಯುಪಿಎಸ್ ಕೈಕೊಟ್ಟು ಕಂಪ್ಯೂಟರೂ ಆಫ್ ಆಗುತ್ತದೆ. ಅರ್ಥಿಂಗ್ ಇರುವ ಗೋಡೆಯ ಪ್ಲಗ್ಗಿಗೇ ಹಾಕಿ. ಗುಡುಗು ಸಿಡಿಲಿನ ಹೊತ್ತಿಗೆ ಪ್ಲಗ್ ಕಿತ್ತಿಡಿ. ರೂಟರ್‌ಗೆ ಮಾತ್ರ ಯುಪಿಎಸ್ ಇರಲಿ.

ಹಂತ 8: ಒಬ್ಬರಿಗೆ ವಹಿಸಿ

ಹಾಳೆ, ಕಾರ್ಟ್ರಿಜ್, ಪುಟದ ಲೆಕ್ಕ ಮೂರೂ ಒಬ್ಬರ ಕೈಯಲ್ಲಿರಲಿ. ಪ್ರತಿ ತಿಂಗಳ 1ನೇ ತಾರೀಕು ಪುಟದ ಸಂಖ್ಯೆ ಬರೆಯಲಿ. ಬಾಡಿಗೆ ಯಂತ್ರ ಇಟ್ಟುಕೊಂಡವರಿಗೆ ಇದು ಇನ್ನೂ ಮುಖ್ಯ, ಬಿಲ್ ಬರುವುದೇ ಆ ಸಂಖ್ಯೆಯ ಮೇಲೆ. ಕರಾರಿನಲ್ಲಿ ಕನಿಷ್ಠ ಎಷ್ಟು ಪುಟಕ್ಕೆ ದುಡ್ಡು ಕಟ್ಟಲೇಬೇಕು, ಟೋನರ್ ಮತ್ತು ಡ್ರಮ್ ಯಾರದ್ದು ಎಂಬುದನ್ನು ಸಹಿಗೆ ಮೊದಲೇ ಕೇಳಿ.

ಆ ಒಬ್ಬರು ರಜೆ ಹಾಕಿದ ದಿನ ಕೆಲಸ ನಿಲ್ಲಬಾರದು, ಅಲ್ವಾ? ಅದಕ್ಕೆ ಒಂದು ಚೀಟಿ ಬರೆದು ಪ್ರಿಂಟರಿನ ಪಕ್ಕಕ್ಕೆ ಅಂಟಿಸಿ. ಅದರಲ್ಲಿ ಐಪಿ ವಿಳಾಸ, ಕಾರ್ಟ್ರಿಜ್ ಮಾದರಿಯ ಸಂಖ್ಯೆ, ಅದನ್ನು ಹಾಕಿದ ತಾರೀಕು, ಆ ದಿನದ ಪುಟದ ಲೆಕ್ಕ, ರಿಪೇರಿಯವರ ಫೋನ್ ನಂಬರ್ ಇರಲಿ. ಶಾಯಿ ಪೆನ್ ಬೇಡ, ಬಾಲ್ ಪೆನ್ನಿನಲ್ಲಿ ಬರೆಯಿರಿ. ಮೇಲೆ ಅಗಲದ ಟೇಪ್ ಹಚ್ಚಿ. ನಮ್ಮ ಕಡೆಯ ಜುಲೈ ತಿಂಗಳ ತೇವಕ್ಕೆ ಬರೀ ಗೋಂದು ನಿಲ್ಲುವುದಿಲ್ಲ.