ಹಾರ್ಟ್ ಅಂದರೆ ಎಲ್ಲ ಕಡೆ ಹೃದಯ ಅಲ್ಲ

ಇಂಗ್ಲಿಷ್ ನುಡಿಗಟ್ಟಿನಲ್ಲಿ ‘ಹಾರ್ಟ್’ ಸಿಕ್ಕಿದರೆ ‘ಹೃದಯ’ ಅಂತ ಬರೆಯುವ ಮುಂಚೆ ಮನಸ್ಸು, ಎದೆ, ಕರುಳು, ಜೀವ, ಈ ನಾಲ್ಕನ್ನೂ ಆ ಜಾಗದಲ್ಲಿಟ್ಟು ನೋಡಿ. ಹೆಚ್ಚಿನ ಸಲ ಅರ್ಥ ತಾನಾಗಿ ತೆರೆದುಕೊಳ್ಳುತ್ತದೆ. ಇಂಗ್ಲಿಷ್ ಒಂದೇ ಪದದ ಮೇಲೆ ಹೊರಿಸಿದ ಧೈರ್ಯ, ಕರುಣೆ, ಇಷ್ಟ, ಭಯವನ್ನು ಕನ್ನಡ ಬೇರೆಬೇರೆ ಕಡೆ ಹಂಚಿಟ್ಟಿದೆ, ಅದಕ್ಕೇ. ‘ಚೇಂಜ್ ಆಫ್ ಹಾರ್ಟ್’ ಅಂದರೆ ಮನಸ್ಸು ಬದಲಾಯಿಸುವುದು. ‘ಲೂಸ್ ಹಾರ್ಟ್’ ಅಂದರೆ ಎದೆಗುಂದುವುದು. ‘ಮೈ ಹಾರ್ಟ್ ಗೋಸ್ ಔಟ್ ಟು ಹರ್’ ಅಂದಾಗ ಪ್ರೀತಿ ಹುಟ್ಟಿತು ಅಂತ ತಿಳಿಯಬೇಡಿ, ಅವಳ ಕಷ್ಟ ನೋಡಿ ಕರುಳು ಚುರುಕ್ ಅಂದಿತು ಅಂತ. ‘ಹಾರ್ಟ್ ಇನ್ ಮೈ ಮೌತ್’ ಅಂತೂ ನಮ್ಮ ‘ಜೀವ ಬಾಯಿಗೆ ಬಂತು’ ಅನ್ನೋದೇ, ನನಗೆ ತುಂಬಾ ಇಷ್ಟವಾದ ಜೋಡಿ ಇದು. ಒಂದು ಕಡೆ ಮಾತ್ರ ಎಚ್ಚರ: ‘ಟೇಕ್ ಹಾರ್ಟ್’ ಅಂದರೆ ಧೈರ್ಯ ತಂದುಕೊ, ‘ಟೇಕ್ ಇಟ್ ಟು ಹಾರ್ಟ್’ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳುವುದು. ನಡುವೆ ಎರಡು ಪುಟ್ಟ ಪದ ಬಂದರೆ ಸಮಾಧಾನದ ಮಾತು ನೋವಿನ ಮಾತಾಗಿಬಿಡಬಹುದು, ಹಾಗಾಗಿ ಪೂರ್ತಿ ವಾಕ್ಯ ಓದಿಯೇ ಪದ ಆರಿಸಿ. ಈ ಉಪಾಯ ನಡೆಯದ ಕಡೆಗಳೂ ಇವೆ. ‘ಲರ್ನ್ ಬೈ ಹಾರ್ಟ್’ಗೆ ನಾಲ್ಕರಲ್ಲಿ ಯಾವುದೂ ಒಗ್ಗದು, ಅದು ಬಾಯಿಪಾಠ. ‘ಹಾರ್ಟ್ ಆಫ್ ದ ಮ್ಯಾಟರ್’ ವಿಷಯದ ತಿರುಳು. ‘ವೇರ್ ಯುವರ್ ಹಾರ್ಟ್ ಆನ್ ಯುವರ್ ಸ್ಲೀವ್’ ಬಂದರೆ ತೋಳು, ಅಂಗಿ ಎಲ್ಲ ಬಿಟ್ಟು, ಒಳಗಿನ ಭಾವನೆ ಬಚ್ಚಿಡದೆ ತೋರಿಸುವುದು ಅಂತ ನೇರವಾಗಿ ಬರೆದುಬಿಡಿ.