ಮೊದಲು ಮನ್ನಣೆ, ಆಮೇಲೆ ಹಣ: ಪಬ್ಲಿಕ್ ಡಿಪ್ಲೊಮಸಿ ಸಂಘ ಕಟ್ಟಿದ ನನ್ನ ಅನುಭವ

ಮೊದಲ ಸಲ ನಾವು 6,000 ಡಾಲರ್ ಕೇಳಿದೆವು. ಒಂದು ಡಾಲರೂ ಸಿಗಲಿಲ್ಲ.

ನಾನಾಗ ಅಮೆರಿಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪಬ್ಲಿಕ್ ಡಿಪ್ಲೊಮಸಿ ಓದುತ್ತಿದ್ದೆ. ಕನ್ನಡದಲ್ಲಿ ಇದನ್ನು ಸಾರ್ವಜನಿಕ ರಾಜತಾಂತ್ರಿಕತೆ ಅಂತ ಬರೆಯುತ್ತಾರೆ. ಸರ್ಕಾರ ಸರ್ಕಾರದ ಜೊತೆ ಮಾತಾಡಿದರೆ ಅದು ಮಾಮೂಲಿ ರಾಜತಂತ್ರ. ಒಂದು ದೇಶ ಇನ್ನೊಂದು ದೇಶದ ಜನರ ಜೊತೆಗೇ ಮಾತಾಡಿದರೆ, ಅವರ ಮಾತಿಗೂ ಕಿವಿ ಕೊಟ್ಟರೆ, ಅದು ಪಬ್ಲಿಕ್ ಡಿಪ್ಲೊಮಸಿ. ರೇಡಿಯೊ ಪ್ರಸಾರ, ವಿದ್ಯಾರ್ಥಿ ವಿನಿಮಯ, ಭಾಷಾ ತರಗತಿ, ಸಂಗೀತ ಕಛೇರಿ ಎಲ್ಲವೂ ಇದರೊಳಗೆ ಬರುತ್ತವೆ.

ನಮ್ಮ ಬ್ಯಾಚಿನಲ್ಲಿ ಇದ್ದಿದ್ದು 14 ಜನ. ಅರ್ಧಕ್ಕರ್ಧ ಹೊರದೇಶದವರು. ಒಂದು ಪತ್ರಿಕೆ ತರಬೇಕು, ರಾಯಭಾರ ಕಚೇರಿಗಳಲ್ಲಿ ಕೆಲಸ ಮಾಡಿದವರನ್ನು ಕರೆಸಿ ಮಾತಾಡಿಸಬೇಕು, ಒಂದು ಸಲ ಎಲ್ಲರೂ ವಾಷಿಂಗ್ಟನ್‌ಗೆ ಹೋಗಿ ಬರಬೇಕು ಅಂತ ನಮಗೆ ಆಸೆ. ಮೂರಕ್ಕೂ ಸೇರಿಸಿ ಒಂದೇ ಅರ್ಜಿ ಬರೆದು ವಿದ್ಯಾರ್ಥಿ ಸರ್ಕಾರದ, ಅಂದರೆ ವಿದ್ಯಾರ್ಥಿಗಳೇ ಆರಿಸಿದ ಮಂಡಳಿಯ, ಫಂಡಿಂಗ್ ಕಮಿಟಿಗೆ ಕೊಟ್ಟೆವು.

ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಉದ್ದ ಮೇಜಿನ ಆ ಕಡೆ ಐದು ಜನ, ಎಲ್ಲರೂ ನಮಗಿಂತ ಚಿಕ್ಕವರು, ಡಿಗ್ರಿ ಓದುತ್ತಿದ್ದವರು. ಖಜಾಂಚಿ ಹುಡುಗಿ ಲ್ಯಾಪ್‌ಟಾಪಿನಲ್ಲಿ ನಮ್ಮ ಅರ್ಜಿ ತೆರೆದು, ಕೆಳಗೆ ಮೇಲೆ ಎರಡು ಸಲ ನೋಡಿ ಕೇಳಿದಳು: "ನಿಮ್ಮ ಸಂಘದ ನೋಂದಣಿ ಸಂಖ್ಯೆ ಎಲ್ಲಿದೆ?" ನಮ್ಮ ಹತ್ತಿರ ಇರಲಿಲ್ಲ. ಪಕ್ಕದಲ್ಲಿದ್ದವನು ಕೇಳಿದ: "ಇದರಿಂದ ಲಾಭ ಆಗೋದು ನಿಮ್ಮ ಕ್ಲಾಸಿನವರಿಗೆ ಮಾತ್ರ ಅಲ್ವಾ?" ಅದಕ್ಕೂ ನಮ್ಮ ಹತ್ತಿರ ಉತ್ತರ ಇರಲಿಲ್ಲ. ನಾಲ್ಕು ನಿಮಿಷದಲ್ಲಿ ಹೊರಗೆ ಬಂದೆವು.

ಬೇಜಾರಾಯಿತು ನಿಜ. ಆದರೆ ಎರಡೂ ಪ್ರಶ್ನೆ ಸರಿಯಾಗಿಯೇ ಇದ್ದವು. ಅಲ್ಲಿ ಹಂಚುವ ಹಣ ಎಲ್ಲ ವಿದ್ಯಾರ್ಥಿಗಳೂ ಕಟ್ಟುವ ಆಕ್ಟಿವಿಟಿ ಫೀಸಿನದು. ವಿಶ್ವವಿದ್ಯಾಲಯದ ದಾಖಲೆಯಲ್ಲಿ ಹೆಸರೇ ಇಲ್ಲದ ಗುಂಪಿಗೆ ಅದನ್ನು ಕೊಡುವ ಹಾಗಿಲ್ಲ. ನಾವು ಹಣ ಕೇಳಲು ಹೋಗಿದ್ದೆವು, ಆದರೆ ಅಲ್ಲಿಯವರೆಗೆ ನಾವು ಯಾರು ಅಂತಲೇ ಯಾರಿಗೂ ಹೇಳಿರಲಿಲ್ಲ.

ಈ ವಿಷಯ ಕ್ಯಾಂಪಸ್ಸಿನಲ್ಲಿ ಯಾರಿಗೂ ಗೊತ್ತಿಲ್ಲದಿರುವುದಕ್ಕೆ ಒಂದು ಹಳೆಯ ಕಾರಣವೂ ಇದೆ ಅಂತ ನನಗನಿಸುತ್ತದೆ. ಇವತ್ತಿನ ಅರ್ಥದಲ್ಲಿ ಈ ಹೆಸರು ಬಳಕೆಗೆ ಬಂದಿದ್ದೇ ಅಮೆರಿಕದಲ್ಲಿ. 1965ರಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದ ಫ್ಲೆಚರ್ ಸ್ಕೂಲಿನ ಡೀನ್ ಎಡ್ಮಂಡ್ ಗುಲಿಯನ್ ಇದನ್ನು ಬಳಸಿದರು. ಈ ವಿಷಯಕ್ಕೆಂದೇ, ಹೆಸರಾಂತ ಪತ್ರಕರ್ತ ಎಡ್ವರ್ಡ್ ಮರೋ ಹೆಸರಿನ ಕೇಂದ್ರ ಶುರುವಾಗಿದ್ದೂ ಅಲ್ಲೇ. ಆದರೆ ಕೆಲಸವೆಲ್ಲ ನಡೆಯುತ್ತಿದ್ದಿದ್ದು ಹೊರದೇಶಗಳಲ್ಲಿ. 1948ರ ಸ್ಮಿತ್-ಮಂಡ್ಟ್ ಕಾಯ್ದೆಯ ಕೆಳಗೆ, ಹೊರಗಿನವರಿಗಾಗಿ ಸರ್ಕಾರ ತಯಾರಿಸಿದ ಕಾರ್ಯಕ್ರಮಗಳನ್ನು ದೇಶದೊಳಗೆ ಹಂಚದಂತೆ ದಶಕಗಳ ಕಾಲ ತಡೆ ಇತ್ತು. ಅದು ಸಡಿಲವಾಗಿದ್ದು 2013ರಲ್ಲಿ. ಅಮೆರಿಕ ಸರ್ಕಾರ ಹೊರದೇಶದವರಿಗಾಗಿ ನಡೆಸಿದ ವಾಯ್ಸ್ ಆಫ್ ಅಮೆರಿಕ ರೇಡಿಯೊ ಕೇಳಿ ಬೆಳೆದವರು ಪ್ರಪಂಚದ ಎಲ್ಲ ಕಡೆ ಸಿಗುತ್ತಾರೆ. ನಮ್ಮ ಕಮಿಟಿಯ ಐದು ಜನರಲ್ಲಿ ಒಬ್ಬರೂ ಅದರ ಹೆಸರು ಕೇಳಿರಲಿಲ್ಲ.

ನೋಂದಣಿಗೆ ಏನು ಬೇಕು ಅಂತ ಆಮೇಲೆ ವಿಚಾರಿಸಿದೆವು. ಒಂದು ಬೈಲಾ, ಪದಾಧಿಕಾರಿಗಳ ಪಟ್ಟಿ, ಹತ್ತು ಜನ ಸದಸ್ಯರ ಸಹಿ, ಬೋಧಕ ವರ್ಗದಿಂದ ಒಬ್ಬ ಅಡ್ವೈಸರ್. ಬೈಲಾ ಒಂದು ರಾತ್ರಿಯಲ್ಲಿ ಮುಗಿಯಿತು. ಅಡ್ವೈಸರ್ ಸಿಗುವುದಕ್ಕೆ ಮೂರು ವಾರ ಬೇಕಾಯಿತು. ಪತ್ರಿಕೋದ್ಯಮ ವಿಭಾಗದವರು ನೀವು ಅಂತರರಾಷ್ಟ್ರೀಯ ಸಂಬಂಧದವರು ಅಂದರು. ಆ ವಿಭಾಗದವರು ನೀವು ಸಂವಹನದವರು ಅಂದರು. ಎರಡು ಮನೆಯ ನಡುವೆ ನಿಂತ ಮಗುವಿನ ಸ್ಥಿತಿ ನಮ್ಮದು. ಈ ವಿಷಯ ಓದುವವರಿಗೆ ಎಲ್ಲ ಕಡೆಯೂ ಎದುರಾಗುವ ತೊಂದರೆ ಇದು.

ಕೊನೆಗೆ ಒಪ್ಪಿಕೊಂಡವರು ನಮಗೆ ಒಂದೇ ಒಂದು ಪೇಪರ್ ಕಲಿಸುತ್ತಿದ್ದ ಹಿರಿಯ ಮೇಡಂ. ಅವರು ಹಿಂದೆ ಅಮೆರಿಕದ ಮಾಹಿತಿ ಸಂಸ್ಥೆಯಲ್ಲಿ, ಅಂದರೆ ಯುಎಸ್‌ಐಎಯಲ್ಲಿ ಕೆಲಸ ಮಾಡಿದ್ದರು. 1953ರಲ್ಲಿ ಹುಟ್ಟಿದ ಆ ಸಂಸ್ಥೆಯನ್ನು 1999ರ ಅಕ್ಟೋಬರ್ 1ರಂದು ಮುಚ್ಚಿ, ಅದರ ಬಹುಪಾಲು ಕೆಲಸವನ್ನು ವಿದೇಶಾಂಗ ಇಲಾಖೆಗೆ ಸೇರಿಸಿದರು. ಮೇಡಂ ಆ ಕಾಲ ಕಣ್ಣಾರೆ ಕಂಡವರು. ಕಾರಿಡಾರಿನ ಗೋಡೆಗೆ ಫಾರ್ಮ್ ಒತ್ತಿ ಹಿಡಿದು ಸಹಿ ಹಾಕುತ್ತಾ ಹೇಳಿದರು: "ನಮ್ಮ ಕೆಲಸ ಏನು ಅಂತ ನಮ್ಮವರಿಗೇ ಸರಿಯಾಗಿ ಹೇಳಲಿಲ್ಲ. ನೀವು ಆ ತಪ್ಪು ಮಾಡಬೇಡಿ. ಮೊದಲು ಹೋಗಿ ಆ ಕಮಿಟಿಯವರು ಏನು ಮಾತಾಡ್ತಾರೆ ಕೇಳಿಸಿಕೊಂಡು ಬನ್ನಿ."

ಆ ಮಾತು ನಮ್ಮ ಪಾಠದಲ್ಲೇ ಇತ್ತು. ನಿಕೋಲಸ್ ಕಲ್ ಎಂಬ ವಿದ್ವಾಂಸರು ಪಬ್ಲಿಕ್ ಡಿಪ್ಲೊಮಸಿಯನ್ನು ಐದು ಭಾಗ ಮಾಡುತ್ತಾರೆ: ಕೇಳಿಸಿಕೊಳ್ಳುವುದು, ನಮ್ಮ ನಿಲುವು ಹೇಳುವುದು, ಸಂಸ್ಕೃತಿ, ವಿನಿಮಯ, ಪ್ರಸಾರ. ಕೇಳಿಸಿಕೊಳ್ಳುವುದನ್ನು ಅವರು ಮೊದಲಿಗೆ ಇಡುತ್ತಾರೆ. ಪರೀಕ್ಷೆಯಲ್ಲಿ ನಾನು ಇದನ್ನು ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ಮಾಡಿ ನೋಡಿರಲಿಲ್ಲ.

ಕಮಿಟಿಯ ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದಿತ್ತು. ನಾನು ಮತ್ತು ಗೆಳತಿಯೊಬ್ಬಳು ಎರಡು ಸಭೆಗಳಿಗೆ ಹೋಗಿ, ಹಿಂದಿನ ಸಾಲಿನಲ್ಲಿ ಕೂತು, ಸುಮ್ನೆ ಬರೆದುಕೊಂಡೆವು. ಯಾವ ಅರ್ಜಿ ಪಾಸಾಯಿತು, ಯಾವುದು ಬಿದ್ದುಹೋಯಿತು, ಯಾವ ಪ್ರಶ್ನೆ ಮತ್ತೆ ಮತ್ತೆ ಬಂತು. ಒಟ್ಟು ಮೊತ್ತ ಒಂದೇ ಸಾಲಿನಲ್ಲಿ ಬರೆದವರಿಗೆ ಸಿಗುತ್ತಿರಲಿಲ್ಲ. ಪ್ರತಿ ಖರ್ಚಿಗೂ ಕೊಟೇಶನ್ ಇಟ್ಟವರಿಗೆ ಸಿಗುತ್ತಿತ್ತು. ಪ್ರಯಾಣದ ಖರ್ಚು ಅಂದ ಕೂಡಲೇ ಮುಖ ಬಿಗಿಯಾಗುತ್ತಿತ್ತು. ಕ್ಯಾಂಪಸ್ಸಿನಲ್ಲೇ ನಡೆಯುವ, ಯಾರು ಬೇಕಾದರೂ ಬರಬಹುದಾದ ಕಾರ್ಯಕ್ರಮ ಅಂದರೆ ಜಾಸ್ತಿ ಪ್ರಶ್ನೆಯೇ ಇರುತ್ತಿರಲಿಲ್ಲ. ಇನ್ನೊಂದು ವಿಭಾಗ ಈಗಾಗಲೇ ಸ್ವಲ್ಪ ಹಣ ಕೊಟ್ಟಿದೆ ಅಂದರೆ ಇವರೂ ಬೇಗ ಒಪ್ಪಿಕೊಳ್ಳುತ್ತಿದ್ದರು.

ಕಾನೂನಿನ ಒಂದು ವಿಷಯವನ್ನೂ ಮೇಡಂ ಹೇಳಿಕೊಟ್ಟರು. ವಿದ್ಯಾರ್ಥಿ ಶುಲ್ಕದ ಹಣ ಹಂಚುವ ಬಗ್ಗೆ ಅಮೆರಿಕದ ಸುಪ್ರೀಂ ಕೋರ್ಟ್ ಎರಡು ಮುಖ್ಯ ತೀರ್ಪು ಕೊಟ್ಟಿದೆ. ವರ್ಜೀನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯೊಂದರ ಮೊಕದ್ದಮೆಯಲ್ಲಿ 1995ರಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮೊಕದ್ದಮೆಯಲ್ಲಿ 2000ದಲ್ಲಿ. ಸರ್ಕಾರಿ ವಿಶ್ವವಿದ್ಯಾಲಯ ಕಡ್ಡಾಯ ಶುಲ್ಕ ವಸೂಲು ಮಾಡಿ ಸಂಘಗಳಿಗೆ ಕೊಡಬಹುದು. ಆದರೆ ಸಂಘದ ಅಭಿಪ್ರಾಯ ಇಷ್ಟ ಇಲ್ಲ ಎಂಬ ಕಾರಣಕ್ಕೆ ಬೇಡ ಅನ್ನುವಂತಿಲ್ಲ. ನಮ್ಮ ಪತ್ರಿಕೆಯಲ್ಲಿ ಬೇರೆ ಬೇರೆ ದೇಶಗಳ ಬಗ್ಗೆ ಖಾರವಾದ ಲೇಖನ ಬರುವುದಿತ್ತು. ಹಾಗಾಗಿ ಇದು ನಮಗೆ ದೊಡ್ಡ ಧೈರ್ಯ ಕೊಟ್ಟಿತು.

ಎರಡನೇ ಅರ್ಜಿಯಲ್ಲಿ ಕೇಳಿದ್ದು 850 ಡಾಲರ್. ಒಂದೇ ಒಂದು ಸಂಜೆಗೆ. ಪಬ್ಲಿಕ್ ಡಿಪ್ಲೊಮಸಿ ಎಂಬ ಮಾತನ್ನು ಶೀರ್ಷಿಕೆಯಿಂದಲೇ ತೆಗೆದುಬಿಟ್ಟೆವು. ಬದಲಿಗೆ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಕಥೆ ಹೇಳುವ ಸಂಜೆ ಅಂತ ಬರೆದೆವು. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸೇನೆಯ ಸಾಮಾನು ಎಷ್ಟೋ ದೇಶಗಳಲ್ಲಿ ಹಾಗೇ ಉಳಿದಿತ್ತು. ಅದನ್ನು ಮಾರಿದ ಹಣ ವಿದ್ಯಾರ್ಥಿಗಳ ವಿನಿಮಯಕ್ಕೆ ಹೋಗಲಿ ಅಂತ ಸೆನೆಟರ್ ವಿಲಿಯಂ ಫುಲ್‌ಬ್ರೈಟ್ ಹೇಳಿದರು. 1946ರಲ್ಲಿ ಅದು ಕಾಯ್ದೆಯಾಯಿತು. 1950ರಲ್ಲಿ ಭಾರತವೂ ಒಪ್ಪಂದಕ್ಕೆ ಸಹಿ ಹಾಕಿತು. 2008ರಲ್ಲಿ ಭಾರತ ಸರ್ಕಾರವೂ ಖರ್ಚಿನಲ್ಲಿ ಪಾಲುದಾರನಾಯಿತು, ಹೆಸರು ಫುಲ್‌ಬ್ರೈಟ್-ನೆಹರು ಎಂದಾಯಿತು. ನಮ್ಮ ಕ್ಯಾಂಪಸ್ಸಿನಲ್ಲೇ ಈ ವೇತನದ ಮೇಲೆ ಬಂದವರು ಏಳು ದೇಶದವರಿದ್ದರು. ಅವರನ್ನೇ ವೇದಿಕೆಗೆ ಕರೆದೆವು. ಭಾಷಣಕಾರರ ವಿಮಾನದ ಖರ್ಚು ಇಲ್ಲ, ಹೋಟೆಲ್ ಖರ್ಚು ಇಲ್ಲ. ಭಾಷಾ ವಿಭಾಗ 200 ಡಾಲರ್ ಕೊಟ್ಟಿತು, ವಿದೇಶಿ ವಿದ್ಯಾರ್ಥಿಗಳ ಕಚೇರಿ ಹಾಲ್ ಕೊಟ್ಟಿತು. ಕಮಿಟಿ ಪೂರ್ತಿ 850 ಕೊಟ್ಟಿತು.

ಅವತ್ತು 80 ಕುರ್ಚಿ ಹಾಕಿಸಿದ್ದೆವು. ಸಾಲದೆ ಜನ ಗೋಡೆಗೆ ಒರಗಿ ನಿಂತರು. ಮೂರನೇ ಸಾಲಿನಲ್ಲಿ ಆ ಖಜಾಂಚಿ ಹುಡುಗಿ ಕೂತಿದ್ದಳು. ಮುಗಿದ ಮೇಲೆ ಹತ್ತಿರ ಬಂದು, "ಇದನ್ನೇ ನೀವು ಓದೋದಾ?" ಅಂತ ಕೇಳಿದಳು. ಹೌದು ಅಂದೆ. ಆ ಸಂತೋಷ ಈಗಲೂ ಹಾಗೇ ಇದೆ.

ಹಣ ಮಂಜೂರಾಯಿತು ಅಂದರೆ ಕೈಗೆ ಬಂತು ಅಂತಲ್ಲ. ಮೊದಲು ನಾವು ಖರ್ಚು ಮಾಡಬೇಕು, ಆಮೇಲೆ ರಸೀದಿ ಕೊಟ್ಟು ವಾಪಸ್ ಪಡೆಯಬೇಕು. ಗೆಳೆಯನೊಬ್ಬ ತನ್ನ ಕ್ರೆಡಿಟ್ ಕಾರ್ಡಿನಲ್ಲಿ 310 ಡಾಲರ್ ಕಟ್ಟಿದ್ದ. ಅದರಲ್ಲಿ ಒಂದು ರಸೀದಿಯ ಮೇಲೆ ದಿನಾಂಕ ಅಳಿಸಿಹೋಗಿತ್ತು. ಅಷ್ಟಕ್ಕೇ ಇಡೀ ಕಡತ ಹಿಂದಕ್ಕೆ ಬಂತು. ಹಣ ಬರುವಾಗ ಎರಡು ತಿಂಗಳಾಗಿತ್ತು, ಅಷ್ಟರಲ್ಲಿ ಕಾರ್ಡಿನ ಬಡ್ಡಿ ಅವನ ಮೇಲೆ ಬಿದ್ದಿತ್ತು. ಆ ಬಡ್ಡಿಯನ್ನು ನಾವೆಲ್ಲ ಸೇರಿ ತುಂಬಿಕೊಟ್ಟೆವು. ಅವತ್ತಿನಿಂದ ರಸೀದಿ ಕೈಗೆ ಬಂದ ಕ್ಷಣವೇ ಫೋಟೊ ತೆಗೆಯುವ ನಿಯಮ ಮಾಡಿಕೊಂಡೆವು. ದೊಡ್ಡ ಖರ್ಚಿದ್ದರೆ ವಿಭಾಗದ ಕಚೇರಿಯಿಂದಲೇ ನೇರ ಪಾವತಿ ಮಾಡಿಸಿದೆವು. ಸ್ವಂತ ಜೇಬಿನಿಂದ ಕೊಡಲಾಗದ ವಿದ್ಯಾರ್ಥಿ ಪದಾಧಿಕಾರಿ ಆಗುವುದಕ್ಕೇ ಹಿಂಜರಿಯುತ್ತಾನೆ. ಇದನ್ನು ವಿಶ್ವವಿದ್ಯಾಲಯಗಳು ಸರಿ ಮಾಡಲೇಬೇಕು.

ಪತ್ರಿಕೆಯ ವಿಷಯಕ್ಕೆ ಬರುತ್ತೇನೆ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಬ್ಲಿಕ್ ಡಿಪ್ಲೊಮಸಿ ವಿದ್ಯಾರ್ಥಿಗಳೇ ಇಂಥದ್ದೊಂದು ಪತ್ರಿಕೆ ನಡೆಸಿದ್ದಾರೆ. ನಮಗೆ ಅದೇ ಮಾದರಿ. ಲೇಖನ ಸಿದ್ಧವಿತ್ತು, ಮುದ್ರಣಕ್ಕೆ ಹಣ ಇರಲಿಲ್ಲ. ಆಗ ಒಂದು ದೇಶದ ಕಾನ್ಸುಲೇಟಿನಿಂದ ಫೋನ್ ಬಂತು. ನಮ್ಮ ಸಂಜೆ ಕಾರ್ಯಕ್ರಮಕ್ಕೆ ಅವರ ಅಧಿಕಾರಿ ಬಂದಿದ್ದರು. ಮುದ್ರಣದ ಪೂರ್ತಿ ಖರ್ಚು ಕೊಡುತ್ತೇವೆ, ಹಿಂಬದಿ ರಕ್ಷಾಪುಟದಲ್ಲಿ ನಮ್ಮ ಲಾಂಛನ ಇದ್ದರೆ ಸಾಕು ಅಂದರು. ನಮಗೆ ಕುಣಿಯುವಷ್ಟು ಖುಷಿ. ಮೇಡಂ ಹತ್ತಿರ ಓಡಿದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಅವರು ಯಾಕೆ ಕೊಡ್ತಿದ್ದಾರೆ? ನಿಮಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತಿರಬೇಕು?"

ಅವತ್ತು ರಾತ್ರಿ 14 ಜನವೂ ಕೂತು ಜಗಳವಾಡಿದೆವು. ಸಂಚಿಕೆಯಲ್ಲಿ ಅದೇ ದೇಶದ ಬಗ್ಗೆ ಒಂದು ಲೇಖನವಿತ್ತು, ಅದರಲ್ಲಿ ಟೀಕೆಯೂ ಇತ್ತು. ಹಣ ತೆಗೆದುಕೊಂಡರೆ ಅವರು ಏನೂ ಹೇಳದಿದ್ದರೂ ನಾವೇ ಆ ಲೇಖನವನ್ನು ಮೆತ್ತಗೆ ಮಾಡುತ್ತಿದ್ದೆವೇನೋ. ಚೀನಾ 2004ರಿಂದ ಹೊರದೇಶಗಳ ವಿಶ್ವವಿದ್ಯಾಲಯಗಳಲ್ಲಿ ತೆರೆದ ಕನ್‌ಫ್ಯೂಷಿಯಸ್ ಸಂಸ್ಥೆಗಳ ಕಥೆ ನಾವೆಲ್ಲ ಓದಿದ್ದೆವು. ಭಾಷೆ ಕಲಿಸಲು ಬಂದ ಹಣದ ಜೊತೆ ಏನೇನು ಬರುತ್ತದೆ ಎಂಬ ಪ್ರಶ್ನೆ ಎದ್ದ ಮೇಲೆ ಅಮೆರಿಕದಲ್ಲಿ ಅವುಗಳಲ್ಲಿ ಹೆಚ್ಚಿನವು ಮುಚ್ಚಿಹೋದವು. ನಾವು ಕಾನ್ಸುಲೇಟಿಗೆ ಬೇಡ ಅಂತ ಬರೆದೆವು. ಅವರ ಅಧಿಕಾರಿಯ ಸಂದರ್ಶನ ಬೇಕು ಅಂತಲೂ ಅದೇ ಪತ್ರದಲ್ಲಿ ಕೇಳಿದೆವು. ಅವರು ಸಂತೋಷದಿಂದಲೇ ಕೊಟ್ಟರು. ಪತ್ರಿಕೆ 48 ಪುಟದ ಬದಲು 24 ಪುಟದಲ್ಲಿ, ಡೀನ್ ಕಚೇರಿಯ ಚಿಕ್ಕ ಅನುದಾನದಲ್ಲಿ ಬಂತು. ಟೀಕೆ ಹಾಗೇ ಉಳಿಯಿತು. ಈ ತೀರ್ಮಾನದ ಬಗ್ಗೆ ನನಗೆ ಯಾವತ್ತೂ ಪಶ್ಚಾತ್ತಾಪ ಆಗಿಲ್ಲ.

ಸ್ವಂತ ಓದಿನ ಖರ್ಚಿನ ಬಗ್ಗೆ ಜಾಸ್ತಿ ಜನ ಕೇಳುತ್ತಾರೆ. ವಿದೇಶಾಂಗ ಸೇವೆಗೆ ಕರೆದೊಯ್ಯುವ ಪಿಕರಿಂಗ್, ರೇಂಜಲ್ ಫೆಲೋಶಿಪ್‌ಗಳು ಅಮೆರಿಕದ ಪ್ರಜೆಗಳಿಗೆ ಮಾತ್ರ. ನಮ್ಮಂಥವರಿಗೆ ಉಳಿಯುವುದು ಫುಲ್‌ಬ್ರೈಟ್-ನೆಹರು, ವಿಭಾಗದ ಅಸಿಸ್ಟೆಂಟ್‌ಶಿಪ್ (ಪಾಠಕ್ಕೋ ಸಂಶೋಧನೆಗೋ ನೆರವಾಗಿ ಸಂಬಳ ಪಡೆಯುವುದು), ಇಲ್ಲವೇ ಕ್ಯಾಂಪಸ್ ಕೆಲಸ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಕ್ಯಾಂಪಸ್ ಕೆಲಸ ಮಾಡುವ ಹಾಗಿಲ್ಲ. ನನಗೆ ಅಸಿಸ್ಟೆಂಟ್‌ಶಿಪ್ ಸಿಕ್ಕಿದ್ದು ನಮ್ಮ ವಿಭಾಗದಲ್ಲಲ್ಲ, ಸಂವಹನ ವಿಭಾಗದಲ್ಲಿ. ಎರಡು ಮನೆಯ ನಡುವೆ ಇರುವುದರಿಂದ ಎರಡೂ ಬಾಗಿಲು ತಟ್ಟಬಹುದು ಅನ್ನುವುದು ಆಗ ಗೊತ್ತಾಯಿತು. ಸಮ್ಮೇಳನಕ್ಕೆ ಹೋಗುವುದಿದ್ದರೆ ಇಂಟರ್‌ನ್ಯಾಷನಲ್ ಸ್ಟಡೀಸ್ ಅಸೋಸಿಯೇಷನ್ ಎಂಬ ವಿದ್ವಾಂಸರ ಸಂಘ ಪ್ರಯಾಣ ಅನುದಾನ ಕೊಡುತ್ತದೆ. ಪ್ರಬಂಧ ಸ್ವೀಕಾರವಾದ ಕೂಡಲೇ ಕೊನೆಯ ದಿನಾಂಕ ನೋಡಿಕೊಳ್ಳಿ.

ಇನ್ನು ಮನ್ನಣೆ. ಪತ್ರಿಕೆಯ ಕೆಲಸಕ್ಕೆ ನಾವು ವಾರಕ್ಕೆ ಹತ್ತು ಗಂಟೆ ಕೊಡುತ್ತಿದ್ದೆವು, ಅಂಕಪಟ್ಟಿಯಲ್ಲಿ ಅದರ ಸುಳಿವೇ ಇರಲಿಲ್ಲ. ಎರಡನೇ ವರ್ಷ ಮೇಡಂ ಜೊತೆ ಕೂತು ಸಂಪಾದಕರ ಕೆಲಸವನ್ನು ಒಂದು ಕ್ರೆಡಿಟ್ಟಿನ ಸ್ವತಂತ್ರ ಅಧ್ಯಯನವಾಗಿ ಬರೆದುಕೊಟ್ಟೆವು. ಏನು ಓದಬೇಕು, ಎಷ್ಟು ಲೇಖನ ತಿದ್ದಬೇಕು, ಕೊನೆಗೆ ಯಾವ ವರದಿ ಕೊಡಬೇಕು ಎಲ್ಲ ಅದರಲ್ಲಿತ್ತು. ವಿಭಾಗ ಒಪ್ಪಿತು. ನಮ್ಮಲ್ಲಿ ಪೂರ್ಣಾವಧಿ ಫೀಸಿನೊಳಗೇ ಆ ಕ್ರೆಡಿಟ್ ಬರುತ್ತಿತ್ತು. ಕ್ರೆಡಿಟ್‌ಗೆ ಬೇರೆಯಾಗಿ ಹಣ ಕಟ್ಟಬೇಕಾದ ಕಡೆ ಇದನ್ನು ಮಾಡಬೇಡಿ, ಅಲ್ಲಿ ಮೆಚ್ಚುಗೆ ಪತ್ರವೇ ಸಾಕು.

ವಾಷಿಂಗ್ಟನ್ ಪ್ರಯಾಣ ನಮ್ಮ ಕಾಲದಲ್ಲಿ ಆಗಲಿಲ್ಲ. ಕೋರ್ಸ್ ಮುಗಿಯುವ ವಾರ ಕಿರಿಯರಿಗೆ ಒಂದು ನೀಲಿ ಫೈಲ್ ಒಪ್ಪಿಸಿದೆ. ನೋಂದಣಿ ನವೀಕರಣದ ದಿನಾಂಕ, ಪಾಸಾದ ಅರ್ಜಿ, ಬಿದ್ದುಹೋದ ಆ 6,000 ಡಾಲರಿನ ಅರ್ಜಿ, ಎಲ್ಲ ರಸೀದಿಗಳ ಪ್ರತಿ, ಕಮಿಟಿ ಕೇಳಿದ ಪ್ರಶ್ನೆಗಳ ನಮ್ಮ ಟಿಪ್ಪಣಿ ಅದರಲ್ಲಿದ್ದವು. ಮರುವರ್ಷ ಅವರು ಒಂಬತ್ತು ಜನ, ಎರಡು ದಿನದ ಮಟ್ಟಿಗೆ, ಬಸ್ಸಿನಲ್ಲಿ ವಾಷಿಂಗ್ಟನ್‌ಗೆ ಹೋಗಿ ಬಂದರು. ಮೂರು ವಿಭಾಗಗಳು ಹಣ ಹಂಚಿಕೊಂಡಿದ್ದವು.